ಬೀಗ ಬಿದ್ದದ್ದು ಭಾನುವಾರ, ಕಳ್ಳ ಬಂದದ್ದು ಹನ್ನೊಂದು ದಿನ ಮುಂಚೆ

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಕಳೆದ ಸೋಮವಾರ. ಬೆಳಗ್ಗೆ ಹತ್ತು ಗಂಟೆಗೆ ಚಿಕ್ಕಪೇಟೆಯ ಒಂದು ಸ್ಟೀಲ್ ಪಾತ್ರೆ ಅಂಗಡಿಯಿಂದ ಫೋನ್ ಬಂತು. ಹೋಲ್‌ಸೇಲ್ ವ್ಯಾಪಾರ, ನಾಲ್ಕು ಕಂಪ್ಯೂಟರ್. ಅವನ್ನು ನೋಡಿಕೊಳ್ಳುವವನು ನಾನೇ. ಲೆಕ್ಕ ಬರೆಯುವ ಹುಡುಗ ಗಾಬರಿಯಲ್ಲಿದ್ದ. "ಸರ್, ಒಂದು ಫೈಲೂ ಓಪನ್ ಆಗ್ತಿಲ್ಲ. ಹೆಸರೆಲ್ಲ ಏನೇನೋ ಆಗಿದೆ."

ಹೋಗಿ ನೋಡಿದೆ. ಪ್ರತಿ ಫೈಲಿನ ಹೆಸರಿಗೂ ಅರ್ಥವಿಲ್ಲದ ಎಂಟು ಅಕ್ಷರದ ಬಾಲ ಅಂಟಿಕೊಂಡಿತ್ತು. ಪ್ರತಿ ಫೋಲ್ಡರಿನಲ್ಲೂ ಇಂಗ್ಲಿಷಿನಲ್ಲಿ ಒಂದು ಚೀಟಿ: ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ತೆಗೆಯಬೇಕಾದರೆ ಈ ಮೇಲ್‌ಗೆ ಬರೆಯಿರಿ, ಹಣ ಬಿಟ್‌ಕಾಯಿನ್‌ನಲ್ಲಿ ಕೊಡಿ. ಹೀಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಂಗೆ ರ‍್ಯಾನ್ಸಮ್‌ವೇರ್ ಅನ್ನುತ್ತಾರೆ. ಯಜಮಾನರು ಮೆಲ್ಲಗೆ ಕೇಳಿದರು, "ಹಾರ್ಡ್ ಡಿಸ್ಕ್‌ನಲ್ಲಿ ಕಾಪಿ ಇದೆಯಲ್ವೇನಪ್ಪಾ?" ಇತ್ತು. ಎಲ್ಲರ ಫೈಲುಗಳೂ ಇರುವ ಮುಖ್ಯ ಕಂಪ್ಯೂಟರ್, ಅಂದರೆ ಸರ್ವರ್, ಅದರ ಹಿಂದೆ ಧೂಳು ಕೂತ ಕರಿ ಡಬ್ಬಿ. ನೀಲಿ ದೀಪ ಇನ್ನೂ ಮಿನುಗುತ್ತಿತ್ತು. ಮೂರು ವರ್ಷದಿಂದ ಯಾರೂ ಅದರ ವೈರ್ ಕಿತ್ತಿರಲಿಲ್ಲ. ಅದರೊಳಗೂ ಅದೇ ಬಾಲ, ಅದೇ ಚೀಟಿ. ಹಾಗೆ ಚುಚ್ಚಿಯೇ ಇಟ್ಟವನು ನಾನು. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಆ ದಿನ ಅಂಗಡಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ, "ನಿನ್ನೆ ರಾತ್ರಿ ಏನಾಯ್ತು?" ಎರಡು ವಾರ ಕೂತು ಕೆದಕಿದ ಮೇಲೆ ಗೊತ್ತಾಯಿತು, ಕಳ್ಳ ಒಳಗೆ ಬಂದು ಆಗಲೇ ಹನ್ನೊಂದು ದಿನ ಕಳೆದಿತ್ತು. ಪರದೆ ಮೇಲೆ ಚೀಟಿ ಕಾಣಿಸುವುದು ಇಡೀ ಕೆಲಸದ ಕೊನೆಯ ಹೆಜ್ಜೆ. ಅದಕ್ಕೆ ಮುಂಚಿನ ಹೆಜ್ಜೆಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ನಾವು ಏನಾದರೂ ಮಾಡಲು ಆಗುವುದು ಮಾತ್ರ ಆ ಹೆಜ್ಜೆಗಳ ನಡುವೆಯೇ. ಹಾಗಾಗಿ ಅವನ್ನೇ ಬಿಡಿಸಿ ಹೇಳುತ್ತೇನೆ.

ಒಳಗೆ ಬರುವ ದಾರಿ

ವೈರಸ್, ವರ್ಮ್, ಟ್ರೋಜನ್ ಅಂತ ಹೆಸರುಗಳು ಬಹಳ. ವೈರಸ್ ಇನ್ನೊಂದು ಫೈಲಿಗೆ ಅಂಟಿಕೊಂಡು ಹರಡುತ್ತದೆ. ವರ್ಮ್ ಯಾರ ಸಹಾಯವೂ ಇಲ್ಲದೆ ನೆಟ್‌ವರ್ಕ್‌ನಲ್ಲಿ ತಾನೇ ತೆವಳಿಕೊಂಡು ಹೋಗುತ್ತದೆ. ಟ್ರೋಜನ್ ಒಳ್ಳೆಯ ಪ್ರೋಗ್ರಾಂನ ವೇಷದಲ್ಲಿ ಬರುತ್ತದೆ. ಎಲ್ಲಕ್ಕೂ ಸೇರಿಸಿ ಮಾಲ್‌ವೇರ್ ಅನ್ನುತ್ತಾರೆ. ಹೆಸರು ಬಾಯಿಪಾಠ ಆಗದಿದ್ದರೂ ಚಿಂತೆಯಿಲ್ಲ. ಬಾಗಿಲು ಯಾವುದು ಅಂತ ಗೊತ್ತಿದ್ದರೆ ಸಾಕು.

ನಮ್ಮ ಅಂಗಡಿಯಲ್ಲಿ ಬಾಗಿಲು ರಿಮೋಟ್ ಡೆಸ್ಕ್‌ಟಾಪ್. ಮನೆಯಲ್ಲಿ ಕೂತು ಅಂಗಡಿಯ ಕಂಪ್ಯೂಟರಿನ ಪರದೆಯನ್ನೇ ನೋಡುತ್ತಾ ಕೆಲಸ ಮಾಡುವ ಸೌಲಭ್ಯ ಅದು. ರಿಟರ್ನ್ಸ್ ಕಟ್ಟುವ ದಿನ ಹತ್ತಿರ ಬಂದಾಗ ಲೆಕ್ಕದ ಹುಡುಗ ರಾತ್ರಿ ಮಾಗಡಿ ರಸ್ತೆಯ ತನ್ನ ಮನೆಯಿಂದ ಕೆಲಸ ಮುಗಿಸಲಿ ಅಂತ ಯಾರೋ ರೂಟರಿನಲ್ಲಿ ಅದನ್ನು ತೆರೆದುಕೊಟ್ಟಿದ್ದರು. ಪಾಸ್‌ವರ್ಡ್ ಅಂಗಡಿಯ ಹೆಸರು, ಮುಂದೆ 123. ವಿಂಡೋಸ್ ಈ ಕೆಲಸಕ್ಕೆ 3389 ಅನ್ನುವ ಪೋರ್ಟ್, ಅಂದರೆ ನಂಬರ್ ಹಾಕಿದ ಬಾಗಿಲು, ಬಳಸುತ್ತದೆ. ಅದು ಜಗತ್ತಿಗೆಲ್ಲ ಗೊತ್ತು.

"ನಮ್ಮ ಅಂಗಡಿ ಯಾರಿಗೆ ಕಾಣತ್ತಪ್ಪಾ, ಇಷ್ಟು ಚಿಕ್ಕದು" ಅಂತ ಯಜಮಾನರು ಕೇಳಿದರು. ಯಾರೂ ಹುಡುಕಿಕೊಂಡು ಬರಬೇಕಾಗಿಲ್ಲ. ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳು ಒಟ್ಟು ಸುಮಾರು 430 ಕೋಟಿ. 2013ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಜೀಮ್ಯಾಪ್ ಅನ್ನುವ ಉಪಕರಣ ಮಾಡಿದರು. ಒಂದೇ ಕಂಪ್ಯೂಟರಿನಿಂದ ಆ ಎಲ್ಲ ವಿಳಾಸಗಳ ಒಂದು ಬಾಗಿಲನ್ನು 45 ನಿಮಿಷದೊಳಗೆ ತಟ್ಟಿ ನೋಡಬಹುದು ಅಂತ ತೋರಿಸಿದರು. ಸಂಶೋಧನೆಗೆ ಮಾಡಿದ್ದು ಅದು. ಆದರೆ ಅಂಥದ್ದೇ ಕೆಲಸ ಹಗಲು ರಾತ್ರಿ ಕಳ್ಳರೂ ಮಾಡುತ್ತಿರುತ್ತಾರೆ. ತೆರೆದ ಬಾಗಿಲು ಸಿಕ್ಕಿತೋ, ಅಲ್ಲಿಂದ ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂ ಶುರು. ಮನುಷ್ಯನಿಗಾದರೆ ಸುಸ್ತಾಗುತ್ತದೆ. ಪ್ರೋಗ್ರಾಂಗೆ ಆಗುವುದಿಲ್ಲ.

ಫೋನಿನ ಬಾಗಿಲು ಬೇರೆ ತರಹ. ನಮ್ಮ ಪಕ್ಕದ ಮನೆಯ ಆಂಟಿಗೆ ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಬಂದಿತ್ತು, ಅದೂ ಪರಿಚಯದವರ ನಂಬರಿನಿಂದಲೇ. ಯಾರ ಮದುವೆ ಅಂತ ನೋಡೋಣ ಅಂತ ಒತ್ತಿದರು. ಅದು ಫೋಟೋ ಆಗಿರಲಿಲ್ಲ, ಎಪಿಕೆ ಫೈಲ್. ಅಂದರೆ ಆಂಡ್ರಾಯ್ಡ್ ಆಪ್ ಇನ್‌ಸ್ಟಾಲ್ ಮಾಡುವ ಫೈಲ್. ಟ್ರಾಫಿಕ್ ದಂಡದ ಚಲನ್ ಅಂತ, ಬ್ಯಾಂಕಿನ ಕೆವೈಸಿ ಅಂತ, ಕರೆಂಟ್ ಬಿಲ್ ಬಾಕಿ ಅಂತ ಕೂಡ ಇವು ಬರುತ್ತವೆ. ಇನ್‌ಸ್ಟಾಲ್ ಆಗುವಾಗ ಆ ಆಪ್ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ಮುಗಿಯಿತು, ಬ್ಯಾಂಕಿನ ಒಟಿಪಿ ನಿಮಗಿಂತ ಮುಂಚೆ ಕಳ್ಳನಿಗೆ ಸಿಗುತ್ತದೆ. ಇನ್ನೂ ಕೆಲವು ಆಪ್‌ಗಳು ಆಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ. ಕಣ್ಣು ಕಾಣದವರಿಗೆ ಫೋನು ಓದಿ ಹೇಳಲು ಮಾಡಿದ ಸೌಲಭ್ಯ ಅದು. ಅದು ಸಿಕ್ಕಿದರೆ ಪರದೆಯ ಮೇಲಿರುವುದನ್ನು ಓದಬಹುದು, ನಿಮ್ಮ ಪರವಾಗಿ ಬಟನ್ ಕೂಡ ಒತ್ತಬಹುದು. ಕರೆಯೋಲೆಗೆ ಎಸ್‌ಎಂಎಸ್ ಓದುವ ಅನುಮತಿ ಯಾಕೆ ಬೇಕು? ಆಂಟಿ ಅಲ್ಲಿ ಒಂದು ಕ್ಷಣ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

ಮೂರನೆಯ ಬಾಗಿಲು ಹಾಕದೇ ಬಿಟ್ಟ ಅಪ್‌ಡೇಟ್. 2017ರ ಮೇ 12ರಂದು ವನ್ನಾಕ್ರೈ ಅನ್ನುವ ವರ್ಮ್ 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಬೀಗ ಹಾಕಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಅಪಾಯಿಂಟ್‌ಮೆಂಟ್ ರದ್ದಾಯಿತು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಬಿಟ್ಟಿತ್ತು. ಎರಡು ತಿಂಗಳು ಸಮಯ ಇತ್ತು. "ಆಮೇಲೆ ನೆನಪಿಸು" ಅಂತ ಒತ್ತಿದವರ ಕಂಪ್ಯೂಟರುಗಳೇ ಜಾಸ್ತಿ ಹೋದವು.

ಆ ಹನ್ನೊಂದು ದಿನ

ಸರ್ವರಿನ ಲಾಗ್, ಅಂದರೆ ಯಾರು ಯಾವಾಗ ಬಂದರು ಅನ್ನುವ ದಾಖಲೆ, ಪೂರ್ತಿ ಅಳಿಸಿಹೋಗಿತ್ತು. ಕಳ್ಳರು ಹೋಗುವ ಮುಂಚೆ ಹೆಜ್ಜೆ ಗುರುತು ಒರೆಸಿ ಹೋಗುತ್ತಾರೆ. ಆದರೆ ಬಿಲ್ಲಿಂಗ್ ಕೌಂಟರಿನ ಹಳೆಯ ಕಂಪ್ಯೂಟರಿನಲ್ಲಿ ಒರೆಸುವುದನ್ನು ಮರೆತಿದ್ದರು. ಅದರಲ್ಲಿ ಒಂದು ಸಾಲು ಸಿಕ್ಕಿತು: ಹನ್ನೊಂದು ದಿನ ಹಿಂದೆ, ರಾತ್ರಿ 2 ಗಂಟೆ 40 ನಿಮಿಷಕ್ಕೆ, ಸರ್ವರಿನಿಂದ ಈ ಕಂಪ್ಯೂಟರಿಗೆ ಯಾರೋ ಲಾಗಿನ್ ಆಗಿದ್ದಾರೆ. ಆ ಹೊತ್ತಿಗೆ ಚಿಕ್ಕಪೇಟೆಯಲ್ಲಿ ನಾಯಿಗಳು ಬಿಟ್ಟರೆ ಯಾರೂ ಇರುವುದಿಲ್ಲ. ಆ ಸಾಲು ನೋಡಿದಾಗ ನನ್ನ ಕೈ ತಣ್ಣಗಾಯಿತು.

ಇಷ್ಟು ದಿನ ಯಾಕೆ ಕಾಯುತ್ತಾರೆ? ಒಂದು ಕಾರಣ, ಈ ದಂಧೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಒಳಗೆ ನುಗ್ಗುವವನು ಒಬ್ಬ. ಅವನು ಆ ದಾರಿಯನ್ನು ಇನ್ನೊಬ್ಬನಿಗೆ ಮಾರುತ್ತಾನೆ. ಬೀಗ ಹಾಕುವ ಪ್ರೋಗ್ರಾಂ ಬರೆದವನು ಮೂರನೆಯವನು, ಬಂದ ಹಣದಲ್ಲಿ ಅವನಿಗೂ ಪಾಲು. ಇನ್ನೊಂದು ಕಾರಣ, ಮನೆ ತಿಳಿದುಕೊಳ್ಳಬೇಕು. ಯಾವ ಕಂಪ್ಯೂಟರಿನಲ್ಲಿ ಲೆಕ್ಕ ಇದೆ, ಕಾಪಿ ಎಲ್ಲಿ ಇಡುತ್ತಾರೆ, ಆಂಟಿವೈರಸ್ ಯಾವುದು, ಅದನ್ನು ನಿಲ್ಲಿಸುವ ಪಾಸ್‌ವರ್ಡ್ ಯಾರ ಹತ್ತಿರ ಇದೆ. ಮದುವೆ ಮನೆಯಲ್ಲಿ ನೆಂಟರ ಹಾಗೆ ಓಡಾಡಿ ಬೀರು ಯಾವ ಕೋಣೆಯಲ್ಲಿದೆ ಅಂತ ನೋಡಿಕೊಳ್ಳುವ ಕಳ್ಳರಿರುತ್ತಾರಲ್ವಾ, ಹಾಗೆ. ಎಷ್ಟೋ ಸಲ ಅವರು ವಿಂಡೋಸಿನಲ್ಲೇ ಇರುವ ಉಪಕರಣಗಳನ್ನೇ ಬಳಸುತ್ತಾರೆ. ಅದಕ್ಕೇ ಆಂಟಿವೈರಸ್‌ಗೆ ಅನುಮಾನ ಬರುವುದು ಕಷ್ಟ.

ಈ ದಿನಗಳಲ್ಲೇ ಕಳವು ನಡೆಯುವುದು. ಡೇಟಾ ಕಳವಿನಲ್ಲಿ ಒಂದು ವಿಚಿತ್ರ ಇದೆ. ಚಿನ್ನ ಕದ್ದರೆ ಪೆಟ್ಟಿಗೆ ಖಾಲಿಯಾಗುತ್ತದೆ. ಡೇಟಾ ಕದ್ದರೆ ಅದು ಇದ್ದಲ್ಲೇ ಇರುತ್ತದೆ, ಕಾಪಿ ಮಾತ್ರ ಹೋಗಿರುತ್ತದೆ. ಯಾರಿಗೂ ಏನೂ ಕಡಿಮೆ ಆದ ಹಾಗೆ ಅನ್ನಿಸುವುದಿಲ್ಲ. ನಾವು ಇಂಟರ್ನೆಟ್ ಕಂಪನಿಯ ಆಪ್‌ನಲ್ಲಿ ಬಳಕೆಯ ಲೆಕ್ಕ ತೆಗೆದು ನೋಡಿದೆವು. ಅಂಗಡಿ ಬಾಗಿಲು ಹಾಕಿದ್ದ ಒಂದು ರಾತ್ರಿ 38 ಜಿಬಿ ಅಪ್‌ಲೋಡ್ ಆಗಿತ್ತು. ಉಳಿದ ದಿನ ಒಂದು ಜಿಬಿ ಕೂಡ ದಾಟುತ್ತಿರಲಿಲ್ಲ. ಗಿರಾಕಿಗಳ ಜಿಎಸ್‌ಟಿ ನಂಬರ್, ಸ್ಕ್ಯಾನ್ ಮಾಡಿಟ್ಟ ಚೆಕ್ಕು, ಕೆಲಸದವರ ಆಧಾರ್ ಕಾರ್ಡು, ಎಲ್ಲ ಅದರಲ್ಲಿ ಹೋಗಿರಬೇಕು. ಫೈಲುಗಳನ್ನು ಒತ್ತಿ ಗಂಟು ಕಟ್ಟಿ, ನಾವೂ ನೀವೂ ಬಳಸುವಂಥ ಕ್ಲೌಡ್ ಖಾತೆಗೇ ಸಾಗಿಸುತ್ತಾರೆ. ಹೊರಗಿನಿಂದ ನೋಡಿದರೆ ಯಾರೋ ಫೋಟೋ ಅಪ್‌ಲೋಡ್ ಮಾಡಿದ ಹಾಗೆ ಕಾಣುತ್ತದೆ.

ಬೀಗ ಹಾಕುವವರು ಕದಿಯುವುದೂ ಯಾಕೆ ಅಂದರೆ, 2019ರ ಕೊನೆಗೆ ಮೇಝ್ ಅನ್ನುವ ತಂಡ ಒಂದು ಹೊಸ ಪದ್ಧತಿ ಶುರು ಮಾಡಿತು. ಹಣ ಕೊಡದಿದ್ದರೆ ಬೀಗ ತೆಗೆಯುವುದಿಲ್ಲ, ಜೊತೆಗೆ ನಿಮ್ಮ ಡೇಟಾ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇವೆ ಅಂತ ಎರಡು ಕಡೆಯಿಂದ ಹಿಂಡುವುದು. ಇವತ್ತು ಬಹುಪಾಲು ದೊಡ್ಡ ತಂಡಗಳು ಇದನ್ನೇ ಮಾಡುತ್ತವೆ. ಕಾಪಿ ಇದ್ದವರೂ ಇದರಿಂದ ಪೂರ್ತಿ ಪಾರಾಗುವುದಿಲ್ಲ.

ಇನ್ನೊಂದು ಜಾತಿಯ ಮಾಲ್‌ವೇರ್ ಇದೆ, ಇನ್ಫೋಸ್ಟೀಲರ್. ಅದಕ್ಕೆ ಬೀಗದ ಗೊಡವೆಯೇ ಇಲ್ಲ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ಗೇಮಿನ ಚೀಟ್ ಅಂತ ಡೌನ್‌ಲೋಡ್ ಮಾಡಿದ್ದರ ಜೊತೆ ಬರುತ್ತದೆ. ಕೆಲವೇ ನಿಮಿಷದಲ್ಲಿ ಬ್ರೌಸರಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡುಗಳನ್ನು ಗುಡಿಸಿಕೊಂಡು ಹೋಗುತ್ತದೆ. ನೀವು ಲಾಗಿನ್ ಆಗಿರುವಾಗ ನಿಮ್ಮ ಹೆಸರಿನಲ್ಲೇ ಓಡುವ ಪ್ರೋಗ್ರಾಂ ಅದು. ನಿಮಗೆ ತೆರೆಯುವ ಡಬ್ಬಿ ಅದಕ್ಕೂ ತೆರೆಯುತ್ತದೆ. ಬ್ರೌಸರ್ ಮಾಡುವವರು ಈಚೆಗೆ ಇದನ್ನು ಬಿಗಿ ಮಾಡಿದ್ದಾರೆ, ಕಳ್ಳರೂ ಸುತ್ತುದಾರಿ ಹುಡುಕುತ್ತಲೇ ಇದ್ದಾರೆ.

ಪಾಸ್‌ವರ್ಡಿಗಿಂತ ಅದಕ್ಕೆ ಬೇಕಾದದ್ದು ಕುಕೀಸ್. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಚಪ್ಪಲಿ ಕೊಟ್ಟಾಗ ಒಂದು ಟೋಕನ್ ಕೊಡುತ್ತಾರೆ. ವಾಪಸ್ ಬಂದಾಗ ಹೆಸರು ಕೇಳುವುದಿಲ್ಲ, ಮುಖ ನೋಡುವುದಿಲ್ಲ. ಟೋಕನ್ ಯಾರ ಕೈಯಲ್ಲಿದೆಯೋ ಚಪ್ಪಲಿ ಅವರಿಗೆ. ನೀವು ಮೇಲ್‌ಗೆ ಲಾಗಿನ್ ಆದಾಗ ಬ್ರೌಸರಿಗೆ ಸಿಗುವ ಕುಕೀ ಇಂಥದ್ದೇ ಟೋಕನ್. ನಾಳೆ ಮತ್ತೆ ಪಾಸ್‌ವರ್ಡ್, ಒಟಿಪಿ ಕೇಳದಿರಲಿ ಅಂತ ಕೊಟ್ಟದ್ದು. ಅದನ್ನು ಕದ್ದವನಿಗೂ ಅವು ಬೇಕಾಗುವುದಿಲ್ಲ. "ನಾನು ಎರಡು ಹಂತದ ಲಾಗಿನ್ ಇಟ್ಟಿದ್ದೆ, ಆದರೂ ಹೇಗೆ ಹೋಯಿತು" ಅನ್ನುವವರಿಗೆ ಎಷ್ಟೋ ಸಲ ಉತ್ತರ ಇಲ್ಲೇ ಸಿಗುತ್ತದೆ. ಹೀಗಾಯಿತು ಅನ್ನಿಸಿದರೆ ಬರೀ ಪಾಸ್‌ವರ್ಡ್ ಬದಲಾಯಿಸಿದರೆ ಸಾಲದು. "ಎಲ್ಲ ಡಿವೈಸುಗಳಿಂದ ಲಾಗೌಟ್" ಅನ್ನುವುದನ್ನು ಒತ್ತಬೇಕು. ಆಗ ಹಳೆಯ ಟೋಕನ್‌ಗಳೆಲ್ಲ ರದ್ದು. ಅದನ್ನು ಬೇರೆ, ಚೊಕ್ಕಟವಾದ ಕಂಪ್ಯೂಟರಿನಿಂದ ಮಾಡಿ.

ಬೀಗದ ಒಳಗೆ

ಯಜಮಾನರು ಆ ದಿನ ಮತ್ತೆ ಮತ್ತೆ ಕೇಳಿದ್ದು ಇದು: "ಬೆಂಗಳೂರಲ್ಲಿ ಇಷ್ಟು ಜನ ಇಂಜಿನಿಯರ್‌ಗಳಿದ್ದಾರೆ. ಒಬ್ಬರಿಗೂ ಒಡೆಯೋಕೆ ಆಗಲ್ವಾ?" ನ್ಯಾಯವಾದ ಪ್ರಶ್ನೆ.

ಹೀಗೆ ಯೋಚಿಸಿ. ಅಂಗಡಿ ಷಟರ್‌ಗೆ ಹಾಕುವ, ಒತ್ತಿದರೆ ಬೀಳುವ ಬೀಗ ಇದೆ. ಹಾಕಲು ಕೀಲಿ ಬೇಡ, ತೆಗೆಯಲು ಬೇಕು. ಕಳ್ಳ ಬಾಯಿ ತೆರೆದ ಬೀಗಗಳನ್ನು ಮೂಟೆ ಕಟ್ಟಿ ಕಳಿಸುತ್ತಾನೆ, ಕೀಲಿ ತನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಪ್ರೋಗ್ರಾಂ ಪ್ರತಿ ಫೈಲಿಗೂ ಒಂದು ಹೊಸ ಗುಪ್ತ ಸಂಖ್ಯೆ ಹುಟ್ಟಿಸಿ, ಅದರಿಂದ ಫೈಲನ್ನು ಗೋಜಲು ಮಾಡುತ್ತದೆ. ಇದು ಬಹಳ ಬೇಗ ಆಗುವ ಕೆಲಸ. ಆಮೇಲೆ ಆ ಗುಪ್ತ ಸಂಖ್ಯೆಯನ್ನು ಒಂದು ಪೆಟ್ಟಿಗೆಗೆ ಹಾಕಿ, ಒತ್ತಿ ಬೀಳುವ ಬೀಗ ಜಡಿಯುತ್ತದೆ. ತೆಗೆಯುವ ಕೀಲಿ ನಿಮ್ಮ ಕಂಪ್ಯೂಟರಿಗೆ ಬಂದೇ ಇರುವುದಿಲ್ಲ. ಬರದಿದ್ದದ್ದನ್ನು ಅಲ್ಲಿ ಹುಡುಕಿದರೆ ಸಿಗುವುದು ಹೇಗೆ?

ಆ ಬೀಗಕ್ಕೆ ಸಾಮಾನ್ಯವಾಗಿ ಆರ್‌ಎಸ್‌ಎ ಅನ್ನುವ ಲೆಕ್ಕ ಬಳಸುತ್ತಾರೆ. ಅದು 1977ರದ್ದು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧ ಮಾತ್ರ ಕೊಟ್ಟು ಮೂಲ ಎರಡನ್ನು ಕಂಡುಹಿಡಿ ಅಂದರೆ ಬಹಳ ಕಷ್ಟ. ಅಷ್ಟೇ ಅದರ ಗುಟ್ಟು. 2020ರಲ್ಲಿ ಸಂಶೋಧಕರು ಹೀಗೆ ಒಡೆದು ತೋರಿಸಿದ ಒಂದು ದೊಡ್ಡ ಸಂಖ್ಯೆಯಲ್ಲಿ 250 ಅಂಕಿಗಳಿದ್ದವು. ಅದಕ್ಕೇ ಸಾವಿರಾರು ಕಂಪ್ಯೂಟರುಗಳು ತಿಂಗಳುಗಟ್ಟಲೆ ದುಡಿದಿದ್ದವು. 2048 ಬಿಟ್ ಉದ್ದದ ಬೀಗದ ಸಂಖ್ಯೆಯಲ್ಲಿ 617 ಅಂಕಿ ಇರುತ್ತವೆ. ಬ್ಯಾಂಕಿನ ವೆಬ್‌ಸೈಟನ್ನು ಕಾಯುವ ಲೆಕ್ಕವೂ ಇಂಥದ್ದೇ. ನಮ್ಮನ್ನು ಕಾಯಲು ಮಾಡಿದ್ದನ್ನೇ ನಮ್ಮ ಮೇಲೆ ತಿರುಗಿಸಿದ್ದಾರೆ ಅನ್ನುವುದು ನನಗೆ ಈಗಲೂ ಹೊಟ್ಟೆಗೆ ಬೆಂಕಿ ಬಿದ್ದ ಹಾಗೆ ಆಗುತ್ತದೆ.

ಈ ವಸೂಲಿ ಹಳೆಯದು. 1989ರಲ್ಲೇ ಏಡ್ಸ್ ಕುರಿತ ಮಾಹಿತಿ ಅಂತ ಹೇಳಿ ಸುಮಾರು 20,000 ಫ್ಲಾಪಿಗಳನ್ನು ಅಂಚೆಯಲ್ಲಿ ಕಳಿಸಿದ್ದರು. ಕಂಪ್ಯೂಟರನ್ನು 90 ಸಲ ಆನ್ ಮಾಡಿದ ಮೇಲೆ ಫೈಲಿನ ಹೆಸರುಗಳೆಲ್ಲ ಗೋಜಲಾಗುತ್ತಿದ್ದವು. ಪನಾಮಾ ದೇಶದ ಒಂದು ಪೋಸ್ಟ್ ಬಾಕ್ಸ್‌ಗೆ 189 ಡಾಲರ್ ಕಳಿಸಿ ಅನ್ನುತ್ತಿತ್ತು. ಅದರಲ್ಲಿ ಹಾಕುವ ಕೀಲಿಯೂ ತೆಗೆಯುವ ಕೀಲಿಯೂ ಒಂದೇ, ಅದೂ ಪ್ರೋಗ್ರಾಂ ಒಳಗೇ ಇತ್ತು. ಹಾಗಾಗಿ ಬೇಗ ಒಡೆದರು. ಇವತ್ತಿನವರು ಆ ತಪ್ಪು ಮಾಡುವುದು ಅಪರೂಪ.

ಬೀಗ ಹಾಕುವ ಮುಂಚೆ ಇನ್ನೊಂದು ಕೆಲಸ ಮಾಡುತ್ತಾರೆ. ವಿಂಡೋಸ್ ಹಳೆಯ ಫೈಲುಗಳ ನೆರಳು ಕಾಪಿ ಇಟ್ಟುಕೊಂಡಿರುತ್ತದೆ. ಅದನ್ನು ಒಂದೇ ಸಾಲಿನ ಆಜ್ಞೆಯಿಂದ ಅಳಿಸುತ್ತಾರೆ. ಆಮೇಲೆ ಚುಚ್ಚಿಟ್ಟ ಹಾರ್ಡ್ ಡಿಸ್ಕು, ನೆಟ್‌ವರ್ಕ್ ಡ್ರೈವು, ಕೈಗೆ ಎಟುಕುವ ಎಲ್ಲವೂ. ಮನೆಯೊಳಗೆ ಇಟ್ಟ ಎರಡನೇ ಕೀಲಿಯೂ ಮನೆ ಹೊಕ್ಕವನಿಗೆ ಸಿಗುತ್ತದೆ. ಕ್ಲೌಡಿಗೆ ತಾನೇ ಕಾಪಿ ಆಗುವ ಫೋಲ್ಡರ್ ಕೂಡ ಪೂರ್ತಿ ಭರವಸೆ ಅಲ್ಲ. ಬೀಗ ಬಿದ್ದ ಫೈಲೇ ಅಲ್ಲಿಗೂ ಹೋಗಿ ಕೂರುತ್ತದೆ. ಹಳೆಯ ಆವೃತ್ತಿಗಳನ್ನು ಉಳಿಸುವ ಸೌಲಭ್ಯ ಇದ್ದರೆ ಮಾತ್ರ ಹಿಂದಕ್ಕೆ ಹೋಗಬಹುದು.

ದೊಡ್ಡವರಿಗೂ ಹೀಗೇ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಇಂಥ ದಾಳಿ ಆಯಿತು. ಹೆಚ್ಚುಕಡಿಮೆ ಎರಡು ವಾರ ರೋಗಿಗಳ ಚೀಟಿ, ರಿಪೋರ್ಟು ಎಲ್ಲ ಕೈಬರಹದಲ್ಲಿ ನಡೆಯಿತು. 2024ರ ಜುಲೈ ಕೊನೆಗೆ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಒಂದು ಸಂಸ್ಥೆಯ ಮೇಲೆ ದಾಳಿಯಾಗಿ, ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗಿರಾಕಿಗಳಿಗೆ ಪಾವತಿ ನಿಂತಿತ್ತು.

ಬೀಗವೂ ಇಲ್ಲ, ಬರೀ ನಾಶ

ಕೆಲವರಿಗೆ ಹಣವೂ ಬೇಡ. ಅಳಿಸಿ ಹೋಗುವುದೇ ಉದ್ದೇಶ. ಇಂಥದ್ದಕ್ಕೆ ವೈಪರ್ ಅನ್ನುತ್ತಾರೆ, ಒರೆಸುವಂಥದ್ದು ಅಂತ.

ನಾವು ಡಿಲೀಟ್ ಒತ್ತಿದಾಗ ಫೈಲು ನಿಜವಾಗಿ ಹೋಗುವುದಿಲ್ಲ. ಪುಸ್ತಕದ ಪರಿವಿಡಿಯಿಂದ ಒಂದು ಸಾಲು ಹೊಡೆದ ಹಾಗೆ. ಪಾಠ ಒಳಗೆ ಇದ್ದೇ ಇರುತ್ತದೆ, ಎಷ್ಟನೇ ಪುಟ ಅಂತ ಮಾತ್ರ ಗೊತ್ತಾಗುವುದಿಲ್ಲ. ಅದಕ್ಕೇ ಎಸ್.ಪಿ. ರಸ್ತೆಯಲ್ಲಿ ಡೇಟಾ ರಿಕವರಿ ಮಾಡುವವರಿಗೆ ಹಳೆಯ ಹಾರ್ಡ್ ಡಿಸ್ಕಿನಿಂದ ಅಳಿಸಿದ ಫೋಟೋ ತೆಗೆದುಕೊಡಲು ಆಗುವುದು. ವೈಪರ್ ಪರಿವಿಡಿಯನ್ನೂ ಹರಿಯುತ್ತದೆ, ಪಾಠದ ಮೇಲೂ ಬೇರೆ ಏನಾದರೂ ಬರೆಯುತ್ತದೆ. ಮೇಲೆ ಬರೆದ ಮೇಲೆ ಕೆಳಗಿನದು ಯಾರಿಗೂ ಸಿಗುವುದಿಲ್ಲ.

2012ರ ಆಗಸ್ಟ್ 15ರಂದು ಸೌದಿ ಅರೇಬಿಯಾದ ತೈಲ ಕಂಪನಿ ಅರಾಮ್ಕೋದಲ್ಲಿ ಶಮೂನ್ ಅನ್ನುವ ವೈಪರ್ ಸುಮಾರು 30,000 ಕಂಪ್ಯೂಟರುಗಳನ್ನು ಒರೆಸಿತು. ಫೈಲುಗಳ ಮೇಲೆ ಅದು ಬರೆದದ್ದು ಉರಿಯುತ್ತಿರುವ ಅಮೆರಿಕದ ಧ್ವಜದ ಚಿತ್ರದ ತುಣುಕು.

2017ರ ಜೂನ್ 27ರ ನಾಟ್‌ಪೆಟ್ಯ ಇನ್ನೂ ಕ್ರೂರ. ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುವ ಒಂದು ಸಾಫ್ಟ್‌ವೇರಿನ ಅಪ್‌ಡೇಟಿನಲ್ಲೇ ಅದನ್ನು ತೂರಿಸಿದ್ದರು. ಪರದೆ ಮೇಲೆ ಹಣ ಕೇಳುವ ಚೀಟಿ ಬರುತ್ತಿತ್ತು. ಆದರೆ ಚೀಟಿಯಲ್ಲಿದ್ದ ಗುರುತಿನ ಸಂಖ್ಯೆ ಸುಮ್ನೆ ಹುಟ್ಟಿಸಿದ್ದು. ಅದರಿಂದ ಕೀಲಿ ತೆಗೆಯಲು ಬರೆದವರಿಗೂ ಸಾಧ್ಯವಿರಲಿಲ್ಲ. ಹಣ ಕೊಟ್ಟವರದ್ದು ಹಣವೂ ಹೋಯಿತು. ಹಡಗು ಕಂಪನಿ ಮರ್ಸ್ಕ್‌ಗೆ ಪೆಟ್ಟು ಬಿದ್ದು, ಮುಂಬೈ ಹತ್ತಿರದ ಜವಾಹರಲಾಲ್ ನೆಹರು ಬಂದರಿನಲ್ಲಿ ಅವರ ಟರ್ಮಿನಲ್ ಕೂಡ ನಿಂತಿತು. 4,000 ಸರ್ವರು, 45,000 ಕಂಪ್ಯೂಟರುಗಳನ್ನು ಹತ್ತು ದಿನದಲ್ಲಿ ಮತ್ತೆ ಕಟ್ಟಿದೆವು ಅಂತ ಕಂಪನಿಯ ಅಧ್ಯಕ್ಷರೇ ಆಮೇಲೆ ಹೇಳಿದರು. ಅದು ಆದದ್ದು ಹೇಗೆ ಗೊತ್ತಾ? ಅವರ ನೆಟ್‌ವರ್ಕ್‌ನಲ್ಲಿ ಯಾರು ಯಾರಿಗೆ ಏನು ಅಧಿಕಾರ ಅಂತ ಬರೆದಿಡುವ ಸರ್ವರುಗಳೆಲ್ಲ ಒರೆಸಿಹೋಗಿದ್ದವು. ಆಫ್ರಿಕಾದ ಘಾನಾದಲ್ಲಿ ಒಂದು ಮಾತ್ರ ಉಳಿದಿತ್ತು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು. ನೆಟ್‌ವರ್ಕ್‌ನಿಂದ ಕಡಿದುಹೋಗಿದ್ದ ಒಂದೇ ಒಂದು ಕಾಪಿಯಿಂದ ಜಗತ್ತಿನ ಅಷ್ಟು ದೊಡ್ಡ ಕಂಪನಿ ಎದ್ದು ನಿಂತಿತು.

ಅಂಗಡಿಗೆ ಉಳಿದದ್ದು

ನಮಗೂ ಉಳಿದದ್ದು ಅಂಥದ್ದೇ ಒಂದು ಕಾಪಿ. ಸೆಪ್ಟೆಂಬರ್ ಮೊದಲ ವಾರ ಟ್ಯಾಕ್ಸ್ ಆಡಿಟ್‌ಗೆ ಅಂತ ಲೆಕ್ಕವನ್ನೆಲ್ಲ ಪೆನ್ ಡ್ರೈವಿಗೆ ಹಾಕಿ ಜಯನಗರದ ಆಡಿಟರ್ ಆಫೀಸಿಗೆ ಕೊಟ್ಟಿದ್ದರು. ಅವರು ಅದನ್ನು ಡ್ರಾಯರಿನಲ್ಲಿ ಹಾಕಿ ಮರೆತಿದ್ದರು. ಅಲ್ಲಿಯವರೆಗಿನ ಲೆಕ್ಕ ಸಿಕ್ಕಿತು. ಸೆಪ್ಟೆಂಬರಿನ ಉಳಿದ ಬಿಲ್ಲುಗಳು ಜಿಎಸ್‌ಟಿ ಪೋರ್ಟಲಿನಲ್ಲಿ ಸಲ್ಲಿಸಿದ ರಿಟರ್ನ್‌ನಿಂದ ಬಹುಪಾಲು ಬಂದವು. ಅದಾದ ಮೇಲಿನದು ಎಲ್ಲೂ ಇರಲಿಲ್ಲ. ಕಾರ್ಬನ್ ಹಾಕಿ ಬರೆದ ಬಿಲ್ ಬುಕ್ಕುಗಳನ್ನು ಅಟ್ಟದಿಂದ ಇಳಿಸಿ, ಮೂರು ಜನ ಹದಿನಾರು ದಿನ ಕೂತು ಒಂದೊಂದೇ ಬಿಲ್ ಹೊಡೆದರು. ಯಜಮಾನರ ಮಗಳು ಕಾಲೇಜು ಮುಗಿಸಿ ಬಂದು ಓದಿ ಹೇಳುತ್ತಿದ್ದಳು, ಹುಡುಗ ಟೈಪ್ ಮಾಡುತ್ತಿದ್ದ. ಹಣ ಕೊಡಲಿಲ್ಲ. ಕೊಟ್ಟಿದ್ದರೂ ಕೀಲಿ ಬರುತ್ತಿತ್ತು ಅನ್ನುವ ಖಾತ್ರಿ ಇರಲಿಲ್ಲ, ಕದ್ದ ಕಾಪಿಯನ್ನು ಅವರು ಅಳಿಸುತ್ತಿದ್ದರು ಅನ್ನುವುದಕ್ಕಂತೂ ಇಲ್ಲವೇ ಇಲ್ಲ.

ಈಗ ಎರಡು ಹಾರ್ಡ್ ಡಿಸ್ಕ್ ಇವೆ. ಪ್ರತಿ ಶನಿವಾರ ಸಂಜೆ ಒಂದನ್ನು ಚುಚ್ಚಿ ಕಾಪಿ ತೆಗೆದು, ಕಿತ್ತು, ಬಟ್ಟೆ ಚೀಲದಲ್ಲಿ ಯಜಮಾನರು ರಾಜಾಜಿನಗರದ ಮನೆಗೆ ಒಯ್ಯುತ್ತಾರೆ. ಮುಂದಿನ ವಾರ ಇನ್ನೊಂದು. ಕಂಪ್ಯೂಟರಿನಲ್ಲಿರುವ ಮೂಲವೂ ಸೇರಿ ಮೂರು ಕಾಪಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಹೊರಗೆ ಅಂತ ಈ ಕೆಲಸದವರು ಹೇಳುವ ಲೆಕ್ಕ ಇದೇ. ತಿಂಗಳಿಗೊಮ್ಮೆ ಆ ಕಾಪಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡುತ್ತೇನೆ. ತೆರೆಯದ ಕಾಪಿ ಇದ್ದೂ ಇಲ್ಲದ ಹಾಗೆ. ರಿಮೋಟ್ ಡೆಸ್ಕ್‌ಟಾಪ್ ಈಗ ನೇರವಾಗಿ ತೆರೆದಿಲ್ಲ, ವಿಪಿಎನ್ ಅನ್ನುವ ಖಾಸಗಿ ಸುರಂಗದ ಮೂಲಕ ಹೋಗಬೇಕು, ಫೋನಿಗೆ ಬರುವ ಎರಡನೇ ಹಂತ ದಾಟಬೇಕು.

ನಿಮಗೆ ಹೀಗಾದರೆ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆರಿಸಿ. ಫಾರ್ಮ್ಯಾಟ್ ಮಾಡಬೇಡಿ. ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಒಳ್ಳೆಯ ಕಾಪಿ ಇರುವ ಡಿಸ್ಕನ್ನು ಗಾಬರಿಯಲ್ಲಿ ಅದೇ ಕಂಪ್ಯೂಟರಿಗೆ ಚುಚ್ಚಲೇಬೇಡಿ, ಅದೂ ಹೋಗುತ್ತದೆ. ಬ್ಯಾಂಕಿನಿಂದ ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ಮುಂದೆ ಸಾಗುವ ಮುಂಚೆ ತಡೆಯುವ ಅವಕಾಶ ಜಾಸ್ತಿ. ಬೆಂಗಳೂರಿನಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಠಾಣೆಗಳಲ್ಲಿ ದೂರು ಕೊಡಬಹುದು. ಕಂಪನಿಗಳಾದರೆ ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು ಅಂತ 2022ರಿಂದ ನಿಯಮವಿದೆ.

ಬೀಗ ಬಿದ್ದ ಆ ಕರಿ ಡಬ್ಬಿಯನ್ನು ಬಿಸಾಡಿಲ್ಲ. 2016ರಲ್ಲಿ ನೆದರ್‌ಲ್ಯಾಂಡ್ಸ್ ಪೊಲೀಸರು, ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಎರಡು ಆಂಟಿವೈರಸ್ ಕಂಪನಿಗಳು ಸೇರಿ 'ನೋ ಮೋರ್ ರ‍್ಯಾನ್ಸಮ್' ಅನ್ನುವ ಯೋಜನೆ ಶುರು ಮಾಡಿದವು. ಕಳ್ಳರ ತಂಡ ಸಿಕ್ಕಿಬಿದ್ದಾಗ, ಅಥವಾ ಅವರ ಪ್ರೋಗ್ರಾಂನಲ್ಲಿ ತಪ್ಪು ಸಿಕ್ಕಾಗ, ಆ ತಳಿಯ ಕೀಲಿಗಳನ್ನು ಅಲ್ಲಿ ಉಚಿತವಾಗಿ ಹಾಕುತ್ತಾರೆ. ಅಂಗಡಿಯ ಹದಿನೈದು ವರ್ಷದ ಫೋಟೋಗಳು ಆ ಡಬ್ಬಿಯಲ್ಲಿವೆ. ಯಜಮಾನರ ತಂದೆ ಗಲ್ಲಾಪೆಟ್ಟಿಗೆ ಮುಂದೆ ಕೂತ ಕೊನೆಯ ಆಯುಧಪೂಜೆಯದ್ದೂ ಅದರಲ್ಲೇ ಇದೆ. ಎರಡು ಮೂರು ತಿಂಗಳಿಗೊಮ್ಮೆ ಆ ಪುಟ ತೆರೆದು, ಆ ಎಂಟು ಅಕ್ಷರದ ಬಾಲಕ್ಕೆ ಕೀಲಿ ಬಂದಿದೆಯಾ ಅಂತ ನೋಡುತ್ತೇನೆ. ಹೋದ ವಾರವೂ ನೋಡಿದೆ. ಇನ್ನೂ ಬಂದಿಲ್ಲ.